ಹದಿನೇಳು ದಾಟಿದ ಮಣಿಕಟ್ಟು

ಮೆಕ್ಸಿಕೋದ ಮಾನ ಹರಾಜಾದದ್ದು ಅವರದೇ ಫೆಡರೇಷನ್ ಅಚ್ಚು ಹಾಕಿಸಿದ್ದ ಒಂದು ಪುಸ್ತಕದಿಂದ. ಆ ದೇಶದ ಫುಟ್‌ಬಾಲ್ ಫೆಡರೇಷನ್ ಹೊರತಂದಿದ್ದ ವಾರ್ಷಿಕ ಸಂಚಿಕೆಯಲ್ಲಿ ಯಾವ ಆಟಗಾರ ಯಾವ ಕ್ಲಬ್ಬಿನವನು, ಯಾವತ್ತು ಹುಟ್ಟಿದವನು ಎಂಬುದೆಲ್ಲ ಇತ್ತು. ಗುಟ್ಟಿನ ದಾಖಲೆಯೇನಲ್ಲ, ಬೇಕಾದವರು ತೆರೆದು ನೋಡಬಹುದಾಗಿದ್ದ ಪುಸ್ತಕ. 1988ರಲ್ಲಿ ಪತ್ರಕರ್ತ ಆಂಟೋನಿಯೊ ಮೊರೆನೊ ಅದನ್ನು ತೆರೆದು ನೋಡಿದರು. ಆಗಷ್ಟೇ ಗ್ವಾಟೆಮಾಲಾದಲ್ಲಿ 20 ವರ್ಷದೊಳಗಿನವರ ಅರ್ಹತಾ ಟೂರ್ನಿ ಮುಗಿದಿತ್ತು. ಅಲ್ಲಿಗೆ ಹೋಗಿದ್ದ ಮೆಕ್ಸಿಕೋ ತಂಡದ ಪಟ್ಟಿಯನ್ನೂ ಈ ಪುಸ್ತಕವನ್ನೂ ಪಕ್ಕಪಕ್ಕ ಇಟ್ಟರೆ ನಾಲ್ಕು ಹೆಸರುಗಳ ಎದುರಿನ ತಾರೀಖು ತಾಳೆಯಾಗುತ್ತಿರಲಿಲ್ಲ. ಪುಸ್ತಕದ ಪ್ರಕಾರ ನಾಲ್ವರಿಗೂ ವಯಸ್ಸು ಮೀರಿತ್ತು. ಪಟ್ಟಿಯ ಪ್ರಕಾರ ನಾಲ್ವರೂ ಹುಡುಗರು.

ಮೆಕ್ಸಿಕೋದ ಆಡುಮಾತಿನಲ್ಲಿ ಹೀಗೆ ಸುಳ್ಳು ಹೇಳಿ ಒಳಗೆ ನುಸುಳಿದವರಿಗೆ ‘ಕಾಚಿರೂಲೆಸ್’ ಎನ್ನುತ್ತಾರೆ. ಹಗರಣಕ್ಕೂ ಅದೇ ಹೆಸರು ನಿಂತುಬಿಟ್ಟಿತು. ಮೊದಲು ಪ್ರಾದೇಶಿಕ ಒಕ್ಕೂಟ ಕಿರಿಯರ ತಂಡದ ಮೇಲೆ ಕ್ರಮ ಕೈಗೊಂಡಿತು. ವಿಷಯ ಫಿಫಾ ಮುಂದೆ ಹೋದಾಗ ಅಲ್ಲಿ ಯಾರೂ ಊಹಿಸದಷ್ಟು ದೊಡ್ಡ ಏಟು ಬಿತ್ತು. ಎರಡು ವರ್ಷ ಮೆಕ್ಸಿಕೋದ ಯಾವ ತಂಡವೂ, ಕಿರಿಯರದಾಗಲಿ ಹಿರಿಯರದಾಗಲಿ, ಅಂತರರಾಷ್ಟ್ರೀಯ ಪಂದ್ಯ ಆಡುವ ಹಾಗಿಲ್ಲ! ಆ ವರ್ಷದ ಸೋಲ್ ಒಲಿಂಪಿಕ್ಸ್ ಕೈತಪ್ಪಿತು. ಮೆಕ್ಸಿಕೋದ ಜಾಗದಲ್ಲಿ ಗ್ವಾಟೆಮಾಲಾ ಹೋಯಿತು. 1990ರ ಇಟಲಿ ವಿಶ್ವಕಪ್ಪೂ ಹೋಯಿತು. ನಿಷೇಧಕ್ಕೆ ಎರಡೇ ವರ್ಷದ ಹಿಂದೆ ತಾನೇ ವಿಶ್ವಕಪ್ ನಡೆಸಿ ಕ್ವಾರ್ಟರ್‌ಫೈನಲ್‌ವರೆಗೆ ಬಂದಿದ್ದ ದೇಶ ಅದು.

ಈ ಶಿಕ್ಷೆ ಯಾರ ಮೇಲೆ ಬಿತ್ತು ಎಂದು ಸ್ವಲ್ಪ ನಿಂತು ನೋಡಬೇಕು. ಊಗೊ ಸಾಂಚೆಸ್ ಆಗ ಸ್ಪೇನಿನ ರಿಯಲ್ ಮ್ಯಾಡ್ರಿಡ್ ಪರ ಆಡುತ್ತಿದ್ದರು. 1989–90ರ ಲೀಗಿನಲ್ಲಿ ಅವರು ಹೊಡೆದದ್ದು 38 ಗೋಲು. ಆವರೆಗಿನ ದಾಖಲೆಗೆ ಸರಿಸಮ. ಆ ಋತು ಮುಗಿದ ಕೂಡಲೇ ವಿಶ್ವಕಪ್. ಮೂವತ್ತೆರಡರ ಆಸುಪಾಸಿನ, ಬದುಕಿನಲ್ಲೇ ಅತ್ಯುತ್ತಮ ಫಾರ್ಮಿನಲ್ಲಿದ್ದ ಮುಂಚೂಣಿ ಆಟಗಾರ ಮನೆಯಲ್ಲಿ ಕೂರಬೇಕಾಯಿತು. ಗ್ವಾಟೆಮಾಲಾಕ್ಕೆ ಹೋದ ಹುಡುಗರ ತಂಡಕ್ಕೂ ಅವರಿಗೂ ಏನು ಸಂಬಂಧ? ಏನೂ ಇಲ್ಲ. ಅತ್ತ ಅಮೆರಿಕ 1950ರಿಂದ ವಿಶ್ವಕಪ್ ಮುಖ ಕಂಡಿರಲಿಲ್ಲ. ದಾರಿಗೆ ಅಡ್ಡವಾಗಿ ಯಾವಾಗಲೂ ನಿಲ್ಲುತ್ತಿದ್ದ ಮೆಕ್ಸಿಕೋ ಈ ಸಲ ಇರಲಿಲ್ಲ. 1989ರ ನವೆಂಬರ್ 19ರಂದು ಪೋರ್ಟ್ ಆಫ್ ಸ್ಪೇನ್‌ನಲ್ಲಿ ಪಾಲ್ ಕಲಿಜೂರಿ ಟ್ರಿನಿಡಾಡ್ ವಿರುದ್ಧ ಹೊಡೆದ ಒಂದೇ ಗೋಲಿನಿಂದ ಅಮೆರಿಕ ಇಟಲಿಗೆ ಹೊರಟಿತು. ಮೆಕ್ಸಿಕೋಗೆ ನಿಷೇಧ ಹೇರಿದ ಕೆಲವೇ ದಿನಕ್ಕೆ, 1988ರ ಜುಲೈ 4ರಂದು, 1994ರ ವಿಶ್ವಕಪ್ ಆತಿಥ್ಯ ಅಮೆರಿಕಕ್ಕೆ ಸಿಕ್ಕಿತ್ತು. ಮೆಕ್ಸಿಕೋದಲ್ಲಿ ಈ ಎರಡು ತಾರೀಖುಗಳನ್ನು ಜೋಡಿಸಿ ಇವತ್ತಿಗೂ ಕಥೆ ಕಟ್ಟುವವರಿದ್ದಾರೆ. ಕಥೆಗೆ ಪುರಾವೆಯಿಲ್ಲ. ಆದರೆ ನಾಲ್ಕು ಹುಡುಗರ ಹುಟ್ಟಿದ ತಾರೀಖು ತಿದ್ದಿದ್ದರಿಂದ ಒಂದು ಖಂಡದ ಫುಟ್‌ಬಾಲಿನ ದಿಕ್ಕೇ ಬದಲಾಯಿತು ಎಂಬುದಕ್ಕೆ ಪುರಾವೆ ಬೇಕಿಲ್ಲ.

ಕಿರಿಯರ ತಂಡ ಎಂದರೆ ದೊಡ್ಡವರ ತಂಡದ ಚಿಕ್ಕ ನಕಲು ಎಂದು ಸಾಮಾನ್ಯವಾಗಿ ತಿಳಿಯುತ್ತಾರೆ. ಹಾಗಲ್ಲ. ದೊಡ್ಡವರ ತಂಡದಿಂದ ಈ ಸಲ ಹೊರಗುಳಿದವನಿಗೆ ಮುಂದಿನ ಸಲ ಎಂಬುದೊಂದಿದೆ. 17ರೊಳಗಿನವರ ತಂಡದಿಂದ ತಪ್ಪಿಹೋದವನಿಗೆ ಅದಿಲ್ಲ. ಎರಡು ವರ್ಷಕ್ಕೊಮ್ಮೆ ಬರುತ್ತಿದ್ದ ಟೂರ್ನಿ ಮತ್ತೆ ಬರುವ ಹೊತ್ತಿಗೆ ಅವನಿಗೆ ಹತ್ತೊಂಬತ್ತು. ಕಿರಿಯರ ತಂಡದ ಸುತ್ತ ನಡೆಯುವ ಜಗಳಗಳೆಲ್ಲ ಹಿರಿಯರದು, ಅವಸರ ಮಾತ್ರ ಹುಡುಗರದು. ಅರ್ಜಿ, ಮೇಲ್ಮನವಿ, ತನಿಖಾ ಸಮಿತಿ ಎಲ್ಲ ಮುಗಿಯುವುದರೊಳಗೆ ವಯಸ್ಸು ಮುಗಿದಿರುತ್ತದೆ. ಈ ಬರಹದಲ್ಲಿ ಬರುವ ಪ್ರಸಂಗಗಳು ಹಲವು ದೇಶಗಳವು, ಕಾರಣಗಳೂ ಬೇರೆಬೇರೆ. ಈ ಒಂದು ಲೆಕ್ಕ ಮಾತ್ರ ಎಲ್ಲ ಕಡೆ ಒಂದೇ.

ಮೆಕ್ಸಿಕೋ ಪ್ರಕರಣದ ಮರುವರ್ಷ ನೈಜೀರಿಯಾದ ಸರದಿ. 1985ರಲ್ಲಿ ಚೀನಾದಲ್ಲಿ ನಡೆದ 16ರೊಳಗಿನವರ ಮೊದಲ ವಿಶ್ವ ಟೂರ್ನಿಯನ್ನು ಗೆದ್ದಿದ್ದ ದೇಶ ಅದು. ಅದರ ಮೂವರು ಆಟಗಾರರು ಒಂದು ಟೂರ್ನಿಯಲ್ಲಿ ಕೊಟ್ಟ ಹುಟ್ಟಿದ ತಾರೀಖು, ಹಿಂದೆ ಇನ್ನೊಂದರಲ್ಲಿ ಕೊಟ್ಟದ್ದಕ್ಕೆ ಹೊಂದಲಿಲ್ಲ. ಫಿಫಾ ಎರಡು ವರ್ಷ ಕಿರಿಯರ ಟೂರ್ನಿಗಳಿಂದ ನೈಜೀರಿಯಾವನ್ನು ಹೊರಗಿಟ್ಟಿತು. 1991ರ 20ರೊಳಗಿನವರ ವಿಶ್ವ ಟೂರ್ನಿ ಅಲ್ಲಿ ನಡೆಯಬೇಕಿತ್ತು. ಅದು ಪೋರ್ಚುಗಲ್‌ಗೆ ಹೋಯಿತು. ಅಲ್ಲಿಂದ ಮುಂದೆ ಆಫ್ರಿಕಾದ ಯಾವ ಕಿರಿಯರ ತಂಡ ಚೆನ್ನಾಗಿ ಆಡಿದರೂ ಪ್ರೇಕ್ಷಕರ ಸಾಲಿನಿಂದ ಒಂದು ಗೊಣಗಾಟ ಕೇಳಿಸುತ್ತಿತ್ತು: ಇವನಿಗೆ ಹದಿನೇಳಂತೆ! ಮೀಸೆ ನೋಡಿದರೆ ಗೊತ್ತಾಗುವುದಿಲ್ಲವೆ? ಮೀಸೆ ನೋಡಿ ವಯಸ್ಸು ಹೇಳುವುದರಲ್ಲಿ ಜ್ಞಾನಕ್ಕಿಂತ ಜನಾಂಗದ ಬಗೆಗಿನ ಪೂರ್ವಗ್ರಹ ಹೆಚ್ಚು ಎಂಬುದನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಮೆಕ್ಸಿಕೋದ ನಾಲ್ವರನ್ನು ಹಿಡಿದುಕೊಟ್ಟದ್ದು ಮೀಸೆಯಲ್ಲ, ಅಚ್ಚಾದ ಪುಸ್ತಕ.

ಮೀಸೆಯ ಬದಲು ಮೂಳೆ ನೋಡೋಣ ಎಂದರು ಫಿಫಾದ ವೈದ್ಯರು. ಮುಖ್ಯ ವೈದ್ಯಾಧಿಕಾರಿಯಾಗಿದ್ದ ಯಿರ್ಜಿ ದ್ವೊರಾಕ್ ಅವರ ತಂಡ ಸ್ವಿಟ್ಜರ್ಲೆಂಡ್, ಮಲೇಷ್ಯಾ, ಅಲ್ಜೀರಿಯಾ, ಅರ್ಜೆಂಟೀನಾಗಳ 14ರಿಂದ 19 ವರ್ಷದ ಹುಡುಗರ ಎಡ ಮಣಿಕಟ್ಟನ್ನು ಎಂಆರ್‌ಐ ಯಂತ್ರದಲ್ಲಿ ಇಟ್ಟು ನೋಡಿತು. ಮುಂಗೈಯಲ್ಲಿ ಎರಡು ಮೂಳೆ. ಹೆಬ್ಬೆರಳಿನ ಕಡೆಯದು ರೇಡಿಯಸ್. ಅದರ ತುದಿ ಮಣಿಕಟ್ಟಿಗೆ ಸೇರುವಲ್ಲಿ ಬೆಳೆಯುವ ವಯಸ್ಸಿನ ಮಕ್ಕಳಿಗೆ ಮೃದ್ವಸ್ಥಿಯ ಒಂದು ತೆಳ್ಳನೆಯ ಪಟ್ಟಿ ಇರುತ್ತದೆ. ಮೂಳೆ ಉದ್ದವಾಗುವುದು ಅಲ್ಲಿ. ಹರೆಯ ಮುಗಿಯುತ್ತ ಬಂದಂತೆ ಆ ಪಟ್ಟಿ ಗಟ್ಟಿಯಾಗಿ, ಎರಡೂ ಬದಿಯ ಮೂಳೆ ಬೆಸೆದುಕೊಂಡು, ಕೊನೆಗೆ ಗೆರೆಯೂ ಉಳಿಯುವುದಿಲ್ಲ. ವೈದ್ಯರು ಇದನ್ನು ಆರು ಹಂತ ಮಾಡಿದರು. ಆರನೆಯದು ಎಂದರೆ ಪೂರ್ತಿ ಬೆಸೆದದ್ದು. ಹದಿನಾರು ವರ್ಷದ ಹುಡುಗರಲ್ಲಿ ನೂರಕ್ಕೆ ಒಬ್ಬನಿಗಿಂತಲೂ ಕಡಿಮೆ ಮಂದಿಯಲ್ಲಿ ಮಾತ್ರ ಅದು ಪೂರ್ತಿ ಬೆಸೆದಿತ್ತು. 2007ರಲ್ಲಿ ಈ ಅಧ್ಯಯನ ಪ್ರಕಟವಾಯಿತು. ಎಕ್ಸ್‌ರೇ ಅಗ್ಗ, ಬೇಗನೆಯೂ ಆಗುತ್ತದೆ. ಆದರೆ ರೋಗವಿಲ್ಲದ ಮಗುವಿಗೆ ಆಟದ ಸಲುವಾಗಿ ವಿಕಿರಣ ಹಾಯಿಸುವುದು ಸರಿಯಲ್ಲ ಎಂದು ಎಂಆರ್‌ಐ ಆರಿಸಿಕೊಂಡಿದ್ದರು.

ಮೊದಲ ಬಾರಿಗೆ ಈ ಪರೀಕ್ಷೆ ಟೂರ್ನಿಗೆ ಬಂದದ್ದು 2009ರ 17ರೊಳಗಿನವರ ವಿಶ್ವಕಪ್ಪಿನಲ್ಲಿ, ಅದೂ ನೈಜೀರಿಯಾದಲ್ಲೇ. ಆತಿಥೇಯರು ಮುಂಚಿತವಾಗಿಯೇ ತಮ್ಮ ಹುಡುಗರನ್ನು ಯಂತ್ರಕ್ಕೆ ಕಳಿಸಿದರು. ಹತ್ತಕ್ಕೂ ಹೆಚ್ಚು ಮಂದಿ ತಂಡದಿಂದ ಉದುರಿದರು. ಅವಸರದಲ್ಲಿ ಕಟ್ಟಿದ ತಂಡವೇ ಅಬುಜಾದ ಫೈನಲ್‌ವರೆಗೆ ಹೋಗಿ ಸ್ವಿಟ್ಜರ್ಲೆಂಡ್‌ಗೆ ಒಂದು ಗೋಲಿನಿಂದ ಸೋತಿತು.

ಈ ಪರೀಕ್ಷೆ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂಬುದನ್ನು ಪತ್ರಿಕೆಗಳ ಕ್ರೀಡಾಪುಟಗಳು ಬಿಡಿಸಿ ಹೇಳುವುದು ಅಪರೂಪ. ಅದು ವಯಸ್ಸು ಹೇಳುವುದಿಲ್ಲ. ಮಣಿಕಟ್ಟು ಪೂರ್ತಿ ಬೆಸೆದಿದ್ದರೆ ಹದಿನೇಳು ದಾಟಿರುವ ಸಾಧ್ಯತೆ ತುಂಬ ಹೆಚ್ಚು ಎನ್ನುತ್ತದೆ, ಅಷ್ಟೇ. ಬೆಸೆಯದ ಮಣಿಕಟ್ಟಿನ ಹದಿನೆಂಟರ ಹುಡುಗ ಆರಾಮಾಗಿ ಒಳಗೆ ಬರಬಹುದು. ಬೇಗ ಬೆಸೆದ ಹದಿನಾರರ ಹುಡುಗ, ನೂರರಲ್ಲಿ ಒಬ್ಬನೇ ಆಗಲಿ, ಹೊರಗೆ ಹೋಗಬೇಕು. ಹೆಣ್ಣುಮಕ್ಕಳ ಮೂಳೆ ಇನ್ನೂ ಬೇಗ ಬೆಸೆಯುವುದರಿಂದ ಅವರ ಟೂರ್ನಿಗೆ ಈ ಅಳತೆ ಹೊಂದುವುದಿಲ್ಲ. 20ರೊಳಗಿನವರ ಟೂರ್ನಿಗಂತೂ ಉಪಯೋಗವೇ ಇಲ್ಲ, ಅಷ್ಟು ಹೊತ್ತಿಗೆ ಬಹಳ ಮಂದಿಯ ಮಣಿಕಟ್ಟು ಮುಚ್ಚಿಕೊಂಡಿರುತ್ತದೆ.

2023ರ ಜನವರಿಯಲ್ಲಿ ಕ್ಯಾಮರೂನ್‌ನಲ್ಲಿ ನಡೆದದ್ದು ಈ ಸಾಲಿನಲ್ಲಿ ಎದ್ದು ಕಾಣುತ್ತದೆ. ಅಲ್ಲಿನ ಫೆಡರೇಷನ್ ಅಧ್ಯಕ್ಷ ಸಾಮ್ಯುಯೆಲ್ ಎಟೊ. ಬಾರ್ಸಿಲೋನಾಕ್ಕೆ ಆಡಿ ಜಗತ್ತು ಗೆದ್ದವರು. ಲಿಂಬೆಯಲ್ಲಿ ಪ್ರಾದೇಶಿಕ ಅರ್ಹತಾ ಟೂರ್ನಿ ಇನ್ನೇನು ಶುರುವಾಗಬೇಕು, ಅಷ್ಟರಲ್ಲಿ ಅವರು 17ರೊಳಗಿನವರ ತಂಡದ ಮೂವತ್ತೂ ಮಂದಿಗೆ ಎಂಆರ್‌ಐ ಮಾಡಿಸಿದರು. ಮೂವತ್ತರಲ್ಲಿ 21 ಮಂದಿ ಫೇಲು. ಕೋಚ್‌ಗೆ ಕೆಲವೇ ದಿನಗಳಲ್ಲಿ ಹೊಸ ತಂಡ ಹುಡುಕಿಕೊಳ್ಳಿ ಎಂಬ ಸೂಚನೆ. ಫೆಡರೇಷನ್ನೇ ತನ್ನ ಕೊಳೆ ತಾನೇ ತೊಳೆದುಕೊಂಡಿತು ಎಂದು ಹಲವರು ಹೊಗಳಿದರು. ಹೊಗಳಬೇಕಾದದ್ದೇ. ಆದರೆ ಆ 21 ಹುಡುಗರು ಒಬ್ಬೊಬ್ಬರೇ ಬಂದು ತಾರೀಖು ಸುಳ್ಳು ಬರೆಸಿರಲಾರರು. ಅಕಾಡೆಮಿ, ಏಜೆಂಟು, ದಾಖಲೆ ಕಚೇರಿ, ಜಿಲ್ಲಾ ಆಯ್ಕೆಗಾರ ಹೀಗೆ ನಾಲ್ಕಾರು ಕೈ ದಾಟಿದ ಮೇಲೆಯೇ ಹುಡುಗ ರಾಷ್ಟ್ರೀಯ ಶಿಬಿರಕ್ಕೆ ಬರುವುದು. ಯುರೋಪಿನ ಕ್ಲಬ್ಬಿನವರ ಕಣ್ಣಿಗೆ ಇಪ್ಪತ್ತರ ಹುಡುಗನಿಗೂ ಹದಿನೇಳರ ಹುಡುಗನಿಗೂ ಬೆಲೆ ಬೇರೆ, ಆಟ ಒಂದೇ ಆಗಿದ್ದರೂ. ಆ ಬೆಲೆಯ ವ್ಯತ್ಯಾಸದಲ್ಲಿ ಪಾಲು ತಿನ್ನುವವರ ಮಣಿಕಟ್ಟನ್ನು ಯಂತ್ರದೊಳಗೆ ಇಡುವ ವ್ಯವಸ್ಥೆ ಇನ್ನೂ ಬಂದಿಲ್ಲ.

ಇಷ್ಟು ಹೇಳುವಾಗ ಕನ್ನಡದ ಓದುಗನಿಗೆ ತನ್ನ ಮನೆಯದೇ ಒಂದು ಸಂಗತಿ ನೆನಪಾಗದೆ ಇರದು. ನಮ್ಮ ಹಳ್ಳಿಗಳಲ್ಲಿ ಐವತ್ತು ದಾಟಿದವರನ್ನು ವಿಚಾರಿಸಿದರೆ ಜೂನ್ 1ರಂದು ಹುಟ್ಟಿದವರು ಬೀದಿಗೆ ಹತ್ತು ಮಂದಿ ಸಿಗುತ್ತಾರೆ. ಶಾಲೆ ಬಾಗಿಲು ತೆರೆಯುವ ದಿನ ಅಪ್ಪ ಮಗುವನ್ನು ಕರೆದುಕೊಂಡು ಬಂದಿರುತ್ತಿದ್ದ. ತಾರೀಖು ಕೇಳಿದರೆ, ಕೆರೆ ಕೋಡಿ ಬಿದ್ದ ವರ್ಷ, ಗೌರಿಹಬ್ಬದ ಹಿಂದುಮುಂದು ಎನ್ನುತ್ತಿದ್ದ. ಹೆಡ್‌ಮೇಷ್ಟ್ರು ಮಗುವಿಗೆ ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟು ಎನ್ನುತ್ತಿದ್ದರು. ಮುಟ್ಟಿದರೆ ಸೇರಿಸಿಕೊಂಡು ರಿಜಿಸ್ಟರಿನಲ್ಲಿ ಜೂನ್ 1 ಎಂದು ಬರೆಯುವುದು. ಮುಟ್ಟದಿದ್ದರೆ ಬರುವ ವರ್ಷ ಬಾ. ಆ ತಾರೀಖೇ ಟಿ.ಸಿ.ಗೆ, ಅಂಕಪಟ್ಟಿಗೆ, ಪಾಸ್‌ಪೋರ್ಟಿಗೆ, ಕಡೆಗೆ ನಿವೃತ್ತಿಯ ಆದೇಶಕ್ಕೂ ಬರುತ್ತಿತ್ತು. ಅದರಲ್ಲಿ ಮೋಸವೇನೂ ಇರಲಿಲ್ಲ. ಜನನ ಮರಣ ನೋಂದಣಿ ಕಡ್ಡಾಯ ಮಾಡಿದ ಕಾಯ್ದೆ ಬಂದದ್ದೇ 1969ರಲ್ಲಿ. ಅದು ಹಳ್ಳಿಗೆ ನಡೆದು ಬರಲು ಇನ್ನೂ ಎಷ್ಟೋ ವರ್ಷ ಹಿಡಿಯಿತು. ಎಡಗಿವಿಯ ಪರೀಕ್ಷೆಗೂ ಮಣಿಕಟ್ಟಿನ ಪರೀಕ್ಷೆಗೂ ತತ್ತ್ವದಲ್ಲಿ ಹೆಚ್ಚಿನ ಅಂತರವಿಲ್ಲ. ಎರಡೂ ಮೈಯನ್ನು ನೋಡಿ ಕಾಗದವನ್ನು ತೀರ್ಮಾನಿಸುವ ಕ್ರಮವೇ. ಮೇಷ್ಟ್ರು ತಪ್ಪಿದರೆ ಮಗು ಒಂದು ವರ್ಷ ತಡವಾಗಿ ಶಾಲೆ ಸೇರುತ್ತಿತ್ತು. ಯಂತ್ರ ತಪ್ಪಿದರೆ ಹುಡುಗನ ಹೆಸರಿನ ಮುಂದೆ ಮೋಸಗಾರ ಎಂಬ ಹಣೆಪಟ್ಟಿ ಬೀಳುತ್ತದೆ.

ಕೆಲವು ಸಲ ಯಂತ್ರ ಹಿಡಿಯದ್ದನ್ನು ಹಳೆಯ ಪ್ರವಾಸ ಹಿಡಿಯುತ್ತದೆ. 2019ರಲ್ಲಿ ತಾಂಜಾನಿಯಾದಲ್ಲಿ ನಡೆದ ಆಫ್ರಿಕಾದ 17ರೊಳಗಿನವರ ಟೂರ್ನಿಯಲ್ಲಿ ಗಿನಿ ಫೈನಲ್ ತಲುಪಿ ಕ್ಯಾಮರೂನ್‌ಗೆ ಪೆನಾಲ್ಟಿಯಲ್ಲಿ ಸೋತಿತ್ತು. ವಿಶ್ವಕಪ್ಪಿಗೆ ಟಿಕೆಟ್ ಸಿಕ್ಕಂತೆಯೇ. ಗುಂಪಿನ ಹಂತದಲ್ಲಿ ಗಿನಿಗೆ ಸೋತಿದ್ದ ಸೆನೆಗಲ್ ಮಾತ್ರ ಸುಮ್ಮನೆ ಕೂರಲಿಲ್ಲ. ಗಿನಿಯ ಇಬ್ಬರು ಹುಡುಗರು ಎರಡು ವರ್ಷದ ಹಿಂದೆ ಜಪಾನಿನಲ್ಲಿ ಒಂದು ಟೂರ್ನಿ ಆಡಿದ್ದರು. ಆಗ ಅವರು ಕೊಟ್ಟಿದ್ದ ಹುಟ್ಟಿದ ತಾರೀಖೇ ಬೇರೆ ಎಂದು ದೂರು ಕೊಟ್ಟಿತು. ಜಪಾನಿನಲ್ಲಿ ದಾಖಲೆ ಭದ್ರವಾಗಿತ್ತು. ಗಿನಿ ಹೊರಬಿತ್ತು, ಸೆನೆಗಲ್ ಬ್ರೆಜಿಲ್‌ಗೆ ವಿಶ್ವಕಪ್ ಆಡಲು ಹೋಯಿತು. ತಂಡದ ಉಳಿದ ಹುಡುಗರ ಪಾಸ್‌ಪೋರ್ಟಿನ ಬಗ್ಗೆ ಯಾರೂ ತಕರಾರು ಎತ್ತಿರಲಿಲ್ಲ. ಅವರೂ ಮನೆಗೆ ಹೋದರು.

ಪ್ರಾಮಾಣಿಕ ತಾರೀಖೂ ಪಕ್ಷಪಾತ ಮಾಡುತ್ತದೆ ಎಂಬುದನ್ನು ಒಂದೆರಡು ಮಾತಿನಲ್ಲಿ ಹೇಳಿ ಮುಂದೆ ಹೋಗಬಹುದು. ಫಿಫಾದ ಗೆರೆ ಜನವರಿ 1. ಜನವರಿಯಲ್ಲಿ ಹುಟ್ಟಿದವನೂ ಡಿಸೆಂಬರಿನಲ್ಲಿ ಹುಟ್ಟಿದವನೂ ಒಂದೇ ತಂಡಕ್ಕೆ ಪೈಪೋಟಿ ಮಾಡುತ್ತಾರೆ. ಹದಿನಾಲ್ಕು ಹದಿನೈದರಲ್ಲಿ ಹನ್ನೊಂದು ತಿಂಗಳೆಂದರೆ ಕಣ್ಣಿಗೆ ಹೊಡೆಯುವಷ್ಟು ಎತ್ತರದ ವ್ಯತ್ಯಾಸ. ಅನೇಕ ದೇಶಗಳ ಕಿರಿಯರ ತಂಡಗಳನ್ನು ಎಣಿಸಿ ನೋಡಿದವರಿಗೆ ವರ್ಷದ ಮೊದಲ ಮೂರು ತಿಂಗಳಲ್ಲಿ ಹುಟ್ಟಿದವರ ಸಂಖ್ಯೆಯೇ ಮತ್ತೆಮತ್ತೆ ಹೆಚ್ಚು ಕಂಡಿದೆ. ಇದಕ್ಕೆ ಯಾವ ಫೆಡರೇಷನ್ನೂ ದಂಡ ಹಾಕಿಸಿಕೊಂಡಿಲ್ಲ.

ಇನ್ನೊಂದು ಬಗೆಯ ಜಗಳದಲ್ಲಿ ಎಲ್ಲರ ಕಾಗದವೂ ಸರಿಯಾಗಿಯೇ ಇರುತ್ತದೆ. ಹುಡುಗ ಯಾರವನು ಎಂಬುದೇ ಅಲ್ಲಿ ಪ್ರಶ್ನೆ. 2004ರಲ್ಲಿ ಬಾರ್ಸಿಲೋನಾದ ಕಿರಿಯರ ತಂಡದಲ್ಲಿದ್ದ ಹದಿನೇಳರ ಒಬ್ಬ ಹುಡುಗನ ಮೇಲೆ ಸ್ಪೇನ್ ಕಣ್ಣಿಟ್ಟಿದೆ ಎಂದು ಅರ್ಜೆಂಟೀನಾಕ್ಕೆ ಗೊತ್ತಾಯಿತು. ಹುಡುಗ ರೊಸಾರಿಯೊದವನು, ಹದಿಮೂರಕ್ಕೆ ಊರು ಬಿಟ್ಟವನು. ತವರಿನಲ್ಲಿ ಅವನ ಹೆಸರನ್ನು ನೆಟ್ಟಗೆ ಬರೆಯಲೂ ಬರುತ್ತಿರಲಿಲ್ಲ. ಫೆಡರೇಷನ್ ಕಳಿಸಿದ ಕಾಗದದಲ್ಲಿ ಮೆಸ್ಸಿ ಎಂಬ ಅಡ್ಡಹೆಸರಿನ ಕಾಗುಣಿತವೇ ತಪ್ಪಾಗಿತ್ತು. ಜೂನ್ 29ರಂದು ಪರಾಗ್ವೆ ವಿರುದ್ಧ 20ರೊಳಗಿನವರ ಪಂದ್ಯವೊಂದನ್ನು ಅವನಿಗಾಗಿಯೇ ತರಾತುರಿಯಲ್ಲಿ ಏರ್ಪಡಿಸಿ ತಮ್ಮ ಅಂಗಿ ತೊಡಿಸಿದರು. 8–0. ಮರುವರ್ಷ ನೆದರ್ಲೆಂಡ್ಸ್‌ನಲ್ಲಿ ವಿಶ್ವ ಟೂರ್ನಿ. ಅಷ್ಟು ಅವಸರದಿಂದ ಹಿಡಿದುಕೊಂಡ ಹುಡುಗನನ್ನು ಮೊದಲ ಪಂದ್ಯದಲ್ಲಿ ಬೆಂಚಿನ ಮೇಲೆ ಕೂರಿಸಿದರು! ಅಮೆರಿಕದ ಎದುರು ಅರ್ಜೆಂಟೀನಾ ಸೋತಿತು. ಮುಂದಿನದ್ದು ಎಲ್ಲರಿಗೂ ಗೊತ್ತಿರುವುದೇ: ಫೈನಲ್‌ನಲ್ಲಿ ನೈಜೀರಿಯಾ ವಿರುದ್ಧ ಎರಡು ಪೆನಾಲ್ಟಿ, ಒಟ್ಟು ಆರು ಗೋಲು, ಕಪ್ಪು.

ಅದೇ ಮೆಸ್ಸಿಯ ಹೆಸರಿನಲ್ಲಿ ನಾಲ್ಕು ವರ್ಷದ ಮೇಲೆ ಇನ್ನೊಂದು ವ್ಯಾಜ್ಯ ಎದ್ದಿತು. ಒಲಿಂಪಿಕ್ಸ್ ಫುಟ್‌ಬಾಲ್ 23ರೊಳಗಿನವರ ಟೂರ್ನಿ. 2008ರ ಬೀಜಿಂಗ್‌ಗೆ 23ರೊಳಗಿನ ಆಟಗಾರರನ್ನು ಕ್ಲಬ್‌ಗಳು ಬಿಟ್ಟುಕೊಡಲೇಬೇಕು ಎಂದಿತ್ತು ಫಿಫಾ. ಬಾರ್ಸಿಲೋನಾಕ್ಕೆ ಚಾಂಪಿಯನ್ಸ್ ಲೀಗಿನ ಅರ್ಹತಾ ಪಂದ್ಯ ಎದುರಿತ್ತು. ಜರ್ಮನಿಯ ಶಾಲ್ಕೆ, ವೆರ್ಡರ್ ಬ್ರೆಮೆನ್ ಕ್ಲಬ್‌ಗಳೂ ಬ್ರೆಜಿಲ್‌ನ ತಮ್ಮ ಆಟಗಾರರ ವಿಷಯದಲ್ಲಿ ಜೊತೆಗೂಡಿ ಕ್ರೀಡಾ ನ್ಯಾಯಮಂಡಳಿಗೆ ಹೋದವು. ಆಗಸ್ಟ್ 6ರಂದು ತೀರ್ಪು ಬಂತು: ಒಲಿಂಪಿಕ್ಸ್ ಫಿಫಾದ ಪಂದ್ಯ ವೇಳಾಪಟ್ಟಿಯಲ್ಲಿ ಇಲ್ಲ, ಹಾಗಾಗಿ ಬಿಟ್ಟುಕೊಡುವ ಕಟ್ಟುಪಾಡೂ ಇಲ್ಲ. ಅರ್ಜೆಂಟೀನಾದ ಮೊದಲ ಪಂದ್ಯ ಮರುದಿನ. ಮೆಸ್ಸಿ ಆಗಲೇ ಚೀನಾದಲ್ಲಿದ್ದರು. ಗೆದ್ದ ಕ್ಲಬ್ಬಿನ ಹೊಸ ಕೋಚ್ ಪೆಪ್ ಗಾರ್ಡಿಯೋಲಾ, 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ತಾವೇ ಚಿನ್ನ ಗೆದ್ದವರು. ಆಡಲಿ ಬಿಡಿ ಎಂದರು. ಅರ್ಜೆಂಟೀನಾ ಚಿನ್ನ ಗೆದ್ದಿತು. ಕ್ಲಬ್ಬಿಗೆ ಸಿಕ್ಕ ತೀರ್ಪನ್ನು ಕೋಚ್ ಒಬ್ಬರು ದೊಡ್ಡ ಮನಸ್ಸು ಮಾಡಿ ಬಳಸದೆ ಬಿಟ್ಟರು ನಿಜ. ತೀರ್ಪು ಮಾತ್ರ ಹಾಗೆಯೇ ಉಳಿಯಿತು. ಹದಿನೈದು ವರ್ಷದ ಮೇಲೆ ಅರ್ಜೆಂಟೀನಾದಲ್ಲೇ 20ರೊಳಗಿನವರ ವಿಶ್ವಕಪ್ ನಡೆದಾಗ ಮ್ಯಾಂಚೆಸ್ಟರ್ ಯುನೈಟೆಡ್ ತನ್ನ ಆಟಗಾರ ಗಾರ್ನಾಚೊನನ್ನು ಬಿಡಲಿಲ್ಲ.

ಆ ತೀರ್ಪಿನ ನೆರಳು ಭಾರತದ ಮೇಲೆ ಬಿದ್ದದ್ದು 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ. ಅದಕ್ಕೂ ಮೊದಲು ತಂಡವನ್ನು ಕಳಿಸಬೇಕೆ ಬೇಡವೆ ಎಂಬುದೇ ಜಗಳವಾಗಿತ್ತು. ಏಷ್ಯಾದ ಮೊದಲ ಎಂಟರೊಳಗೆ ಇಲ್ಲದ ತಂಡಕ್ಕೆ ಅನುಮತಿಯಿಲ್ಲ ಎಂಬ ಕಾರಣಕ್ಕೆ 2018ರಲ್ಲಿ ಫುಟ್‌ಬಾಲ್ ತಂಡ ಮನೆಯಲ್ಲೇ ಉಳಿದಿತ್ತು. ಈ ಸಲವೂ ಅದೇ ನಿಯಮ ಅಡ್ಡ ಬಂದಾಗ ಕೋಚ್ ಇಗೊರ್ ಸ್ಟಿಮಾಚ್ ಪ್ರಧಾನಿಗೇ ಬಹಿರಂಗ ಪತ್ರ ಬರೆದರು. ಜುಲೈ ಕೊನೆಗೆ ಕ್ರೀಡಾ ಸಚಿವಾಲಯ ವಿನಾಯಿತಿ ಕೊಟ್ಟಿತು. ಸಚಿವಾಲಯ ಒಪ್ಪಿತು, ಕ್ಲಬ್‌ಗಳು ಒಪ್ಪಲಿಲ್ಲ. ಇಂಡಿಯನ್ ಸೂಪರ್ ಲೀಗ್ ಸೆಪ್ಟೆಂಬರ್ 21ಕ್ಕೆ ಆರಂಭ. ಏಷ್ಯನ್ ಗೇಮ್ಸ್ ಫಿಫಾ ವೇಳಾಪಟ್ಟಿಯಲ್ಲಿ ಇಲ್ಲ. ಆಟಗಾರರನ್ನು ಕೊಡುವುದು ನಮ್ಮ ಮರ್ಜಿ ಎಂದವು. ಕಾನೂನಿನ ಪ್ರಕಾರ ಅವರ ಮಾತು ಸರಿಯೇ. ಮೊದಲು ಪ್ರಕಟಿಸಿದ ಪಟ್ಟಿ ಅರ್ಧಕ್ಕರ್ಧ ಖಾಲಿಯಾಗಿ, ಸಿಕ್ಕವರನ್ನು ಕೂಡಿಸಿಕೊಂಡು ಹೊರಟ ತಂಡ ಚೀನಾ ವಿರುದ್ಧದ ಪಂದ್ಯದ ಹಿಂದಿನ ದಿನ ಊರು ತಲುಪಿತು. ವಿರಾಮದ ಹೊತ್ತಿಗೆ 1–1. ಪಂದ್ಯ ಮುಗಿದಾಗ 1–5. ದ್ವಿತೀಯಾರ್ಧದಲ್ಲಿ ಕಾಲೇ ಏಳಲಿಲ್ಲ.

ಈ ಪ್ರಸಂಗದಲ್ಲಿ ಬೆಂಗಳೂರಿಗೆ ಒಂದು ಪಾತ್ರವಿದೆ. ಕೂಟ ಒಂದು ವರ್ಷ ಮುಂದೆ ಹೋಗಿದ್ದರಿಂದ ವಯೋಮಿತಿ 24 ಆಗಿತ್ತು. ಮೂವರು ಹಿರಿಯರಿಗೆ ಮಾತ್ರ ಅವಕಾಶ. ಅವರಲ್ಲಿ ಒಬ್ಬರು ಬೆಂಗಳೂರು ಎಫ್‌ಸಿಯ ಸುನಿಲ್ ಛೆಟ್ರಿ, ವಯಸ್ಸು 39. ಸೆಪ್ಟೆಂಬರ್ 21ರಂದು ಕೊಚ್ಚಿಯಲ್ಲಿ ಲೀಗಿನ ಉದ್ಘಾಟನಾ ಪಂದ್ಯ ಆಡಿದ ಬೆಂಗಳೂರು ತಂಡ ತನ್ನ ನಾಯಕನಿಲ್ಲದೆ ಕೇರಳ ಬ್ಲಾಸ್ಟರ್ಸ್‌ಗೆ 1–2ರಿಂದ ಸೋತಿತು. ಅದೇ ದಿನ ಹಾಂಗ್‌ಝೌನಲ್ಲಿ ಪಂದ್ಯ ಮುಗಿಯಲು ಐದು ನಿಮಿಷ ಇದ್ದಾಗ ಛೆಟ್ರಿ ಹೊಡೆದ ಪೆನಾಲ್ಟಿಯಿಂದ ಭಾರತ ಬಾಂಗ್ಲಾದೇಶವನ್ನು 1–0ಯಿಂದ ಸೋಲಿಸಿತು. ಹುಡುಗರ ಟೂರ್ನಿಯಲ್ಲಿ ಭಾರತದ ಮಾನ ಉಳಿಸಿದ್ದು ನಲವತ್ತರ ಹತ್ತಿರದ ಮನುಷ್ಯ, ಅದೂ ನಿಯಮಬದ್ಧವಾಗಿ.

ಚೀನಾ ವಿರುದ್ಧ ಆ ಒಂದು ಗೋಲು ಹೊಡೆದ ರಾಹುಲ್ ಕೆ.ಪಿ. 2017ರ ಹುಡುಗರಲ್ಲಿ ಒಬ್ಬ. ಆ ವರ್ಷ 17ರೊಳಗಿನವರ ವಿಶ್ವಕಪ್ ಭಾರತದಲ್ಲೇ ನಡೆಯಿತು. ಆತಿಥೇಯರಾದ್ದರಿಂದ ಅರ್ಹತೆಯ ತಲೆನೋವಿರಲಿಲ್ಲ. ಆಯ್ಕೆಯದು ಮಾತ್ರ ಇತ್ತು. ಆಟಗಾರರೇ ಕೋಚ್ ವಿರುದ್ಧ ದೂರಿತ್ತರೆಂಬ ಸುದ್ದಿಗಳ ನಡುವೆ ಜರ್ಮನಿಯ ನಿಕೊಲಾಯ್ ಆಡಂ ಟೂರ್ನಿಗೆ ಎಂಟೇ ತಿಂಗಳಿದ್ದಾಗ ನಿರ್ಗಮಿಸಿದರು. ಪೋರ್ಚುಗಲ್‌ನ ಲೂಯಿಸ್ ನಾರ್ಟನ್ ಡಿ ಮಾಟೊಸ್ ಬಂದರು. ಹೊಸ ಕೋಚ್ ಬಂದ ಮೇಲೆ ಹೊಸ ಹುಡುಗರಿಗೂ ಬಾಗಿಲು ತೆರೆಯಿತು. ಪಂಜಾಬಿನ ಮಿನರ್ವಾ ಅಕಾಡೆಮಿಯಿಂದ ಬಂದ ಜೀಕ್ಸನ್ ಸಿಂಗ್ ಹಾಗೆ ತಡವಾಗಿ ಒಳಗೆ ಬಂದವನು. ವಿದೇಶದಲ್ಲಿ ಬೆಳೆದ ಭಾರತೀಯ ಮೂಲದ ಹುಡುಗರನ್ನು ತರಬೇಕೆ ಎಂಬ ಚರ್ಚೆಯೂ ನಡೆದು, ಅಮೆರಿಕದಿಂದ ನಮಿತ್ ದೇಶಪಾಂಡೆ, ಕೆನಡಾದಿಂದ ಗೋಲ್‌ಕೀಪರ್ ಸನ್ನಿ ಧಾಲಿವಾಲ್ ಪಟ್ಟಿಯಲ್ಲಿ ಬಂದರು. ಇಬ್ಬಗೆಯ ಪೌರತ್ವವನ್ನು ಭಾರತ ಒಪ್ಪುವುದಿಲ್ಲವಾದ್ದರಿಂದ ಇಲ್ಲಿನ ಪಾಸ್‌ಪೋರ್ಟ್ ಕೈಯಲ್ಲಿರಲೇಬೇಕು. ಧಾಲಿವಾಲ್‌ಗೆ ಗೋಲಿನ ಮುಂದೆ ನಿಲ್ಲುವ ಸರದಿ ಬರಲಿಲ್ಲ. ಮೂರೂ ಪಂದ್ಯ ಮಣಿಪುರದ ಧೀರಜ್ ಸಿಂಗ್ ಆಡಿದ. ಇಪ್ಪತ್ತೊಂದು ಮಂದಿಯಲ್ಲಿ ಎಂಟು ಮಂದಿ ಆ ಒಂದು ಪುಟ್ಟ ರಾಜ್ಯದವರು. ಇದಕ್ಕೂ ಹುಬ್ಬೇರಿಸಿದವರಿದ್ದರು. ಮಣಿಪುರದ ಗಲ್ಲಿ ಗಲ್ಲಿಯಲ್ಲಿ ಚೆಂಡು ಉರುಳುವುದನ್ನು ಕಂಡವರು ಏರಿಸಲಿಲ್ಲ.

ಕರ್ನಾಟಕದಿಂದ ಇಬ್ಬರಿದ್ದರು, ಹೆಂಡ್ರಿ ಆಂಟೊನಾಯ್ ಮತ್ತು ಸಂಜೀವ್ ಸ್ಟಾಲಿನ್. ಪೆಲೆಯ ಪ್ರತಿಮೆ ನಿಲ್ಲಿಸಿ ಪೂಜೆಯಷ್ಟೇ ಪ್ರೀತಿಯಿಂದ ನೋಡಿಕೊಳ್ಳುವ ಗೌತಮಪುರದಂಥ ಬಡಾವಣೆ ಇರುವ ಊರು ಬೆಂಗಳೂರು. ಆದರೂ ಬೀದಿಬದಿಯಲ್ಲಿ ಬಟ್ಟೆ ಮಾರುವ ಮನೆಯ ಸಂಜೀವ್ ಕಲಿಯಲು ಹೋದದ್ದು ಚಂಡೀಗಢದ ಅಕಾಡೆಮಿಗೆ. 2017ರ ಅಕ್ಟೋಬರ್ 9, ದೆಹಲಿಯ ಜವಾಹರಲಾಲ್ ನೆಹರೂ ಕ್ರೀಡಾಂಗಣ, ಎದುರಿಗೆ ಕೊಲಂಬಿಯಾ. ಒಂದು ಗೋಲು ಹಿಂದಿದ್ದ ಭಾರತಕ್ಕೆ 82ನೇ ನಿಮಿಷದಲ್ಲಿ ಕಾರ್ನರ್ ಸಿಕ್ಕಿತು. ಮೂಲೆಯ ಬಾವುಟದ ಬಳಿ ಚೆಂಡಿಟ್ಟು ಸಂಜೀವ್ ಎತ್ತಿದ ಕಾರ್ನರ್ ಗುಂಪಿನ ತಲೆಗಳ ಮೇಲೆ ತೇಲಿ ಬಂತು. ಎಲ್ಲರಿಗಿಂತ ಎತ್ತರದ ಜೀಕ್ಸನ್ ನೆಗೆದು ತಲೆ ಕೊಟ್ಟ. ಫಿಫಾದ ಯಾವುದೇ ವಿಶ್ವಕಪ್ಪಿನಲ್ಲಿ ಭಾರತದ ಮೊದಲ ಗೋಲು ಅದು. ಕ್ರೀಡಾಂಗಣದ ಕೂಗು ತಗ್ಗುವ ಮೊದಲೇ, ಮರುನಿಮಿಷ, ಕೊಲಂಬಿಯಾ ಎರಡನೆಯದನ್ನು ಹೊಡೆದಾಗಿತ್ತು.

ಐದು ವರ್ಷದ ಮೇಲೆ ಹುಡುಗಿಯರ ಸರದಿ. 2022ರ ಅಕ್ಟೋಬರಿನಲ್ಲಿ 17ರೊಳಗಿನ ಹುಡುಗಿಯರ ವಿಶ್ವಕಪ್ ಭಾರತದಲ್ಲಿ. ಮುನ್ನಡೆಸಬೇಕಿದ್ದವಳು ಝಾರ್ಖಂಡಿನ ಗುಮ್ಲಾ ಜಿಲ್ಲೆಯ ಆಸ್ತಮ್ ಉರಾಂವ್. ಅದೇ ವರ್ಷ ಯುರೋಪ್ ಪ್ರವಾಸದ ವೇಳೆ ಕಿರುಕುಳದ ಆರೋಪದ ಮೇಲೆ ತಂಡದ ಸಹಾಯಕ ಕೋಚ್ ಒಬ್ಬರನ್ನು ವಜಾ ಮಾಡಲಾಗಿತ್ತು. ಆಗಸ್ಟ್ ನಡುವೆ, ಟೂರ್ನಿಗೆ ಎರಡು ತಿಂಗಳೂ ಇಲ್ಲದಾಗ, ಫಿಫಾ ಭಾರತದ ಫೆಡರೇಷನ್ನನ್ನೇ ಅಮಾನತು ಮಾಡಿತು. ಚುನಾವಣೆ ನಡೆಸದ ಪದಾಧಿಕಾರಿಗಳು, ಸುಪ್ರೀಂ ಕೋರ್ಟ್ ನೇಮಿಸಿದ ಆಡಳಿತಗಾರರ ಸಮಿತಿ, ಹೊರಗಿನವರ ಹಸ್ತಕ್ಷೇಪ ಸಲ್ಲದೆಂಬ ಫಿಫಾದ ನಿಯಮ, ಇವುಗಳ ನಡುವಿನ ಗುದ್ದಾಟ ಅದು. ಹದಿನಾರರ ಹುಡುಗಿಯರಿಗೆ ಇದರಲ್ಲಿ ಒಂದೂ ಅರ್ಥವಾಗುವಂಥದ್ದಲ್ಲ. ಆಗಸ್ಟ್ 26ಕ್ಕೆ ಅಮಾನತು ತೆರವಾಗಿ ಟೂರ್ನಿ ಉಳಿಯಿತು. ಜಿಲ್ಲೆಯ ಮಗಳು ನಾಯಕಿಯಾದ ಸುದ್ದಿ ಕೇಳಿ ಜಿಲ್ಲಾಡಳಿತ ಆಸ್ತಮ್ ಮನೆಗೆ ರಸ್ತೆ ಹಾಕಿಸತೊಡಗಿತು. ಆ ರಸ್ತೆಗೆ ಕೂಲಿ ಮಾಡುತ್ತಿದ್ದವರಲ್ಲಿ ಅವಳ ಅಪ್ಪ ಅಮ್ಮನೂ ಇದ್ದರು. ಭುವನೇಶ್ವರದಲ್ಲಿ ಭಾರತ ಅಮೆರಿಕದ ಎದುರು 0–8, ಮೊರಾಕೊ ಎದುರು 0–3, ಬ್ರೆಜಿಲ್ ಎದುರು 0–5ರಿಂದ ಸೋತಿತು.

ಭಾರತದ ಹುಡುಗಿಯರಿಗೆ ಎರಡು ವಾರದೊಳಗೆ ಕಳೆದ ಗಂಡಾಂತರ ಇಂಡೊನೇಷ್ಯಾದ ಹುಡುಗರಿಗೆ ಕಳೆಯಲಿಲ್ಲ. 2023ರ 20ರೊಳಗಿನವರ ವಿಶ್ವಕಪ್ ಅಲ್ಲಿ ನಡೆಯಬೇಕಿತ್ತು. ಯುರೋಪಿನಿಂದ ಅರ್ಹತೆ ಪಡೆದ ತಂಡಗಳಲ್ಲಿ ಇಸ್ರೇಲ್ ಕೂಡ ಒಂದು. ಇಂಡೊನೇಷ್ಯಾಕ್ಕೂ ಇಸ್ರೇಲಿಗೂ ರಾಜತಾಂತ್ರಿಕ ಸಂಬಂಧವಿಲ್ಲ. ಪ್ಯಾಲೆಸ್ಟೀನ್ ಪರ ಪ್ರತಿಭಟನೆಗಳಾದವು. ಬಾಲಿಯ ಗವರ್ನರ್ ವಯಾನ್ ಕೊಸ್ಟರ್ ನಮ್ಮಲ್ಲಿ ಆ ತಂಡಕ್ಕೆ ಜಾಗವಿಲ್ಲ ಎಂದರು. ಮಧ್ಯ ಜಾವಾದ ಗವರ್ನರ್ ಗಂಜಾರ್ ಪ್ರನೊವೊ ದನಿಗೂಡಿಸಿದರು. ಬಾಲಿಯಲ್ಲಿ ನಡೆಯಬೇಕಿದ್ದ ಡ್ರಾ ರದ್ದಾಯಿತು. ಮಾರ್ಚ್ 29ಕ್ಕೆ ಫಿಫಾ ಆತಿಥ್ಯವನ್ನೇ ಕಿತ್ತುಕೊಂಡಿತು. ಆತಿಥೇಯರೆಂಬ ಕಾರಣಕ್ಕೆ ಮಾತ್ರ ಸ್ಥಾನ ಪಡೆದಿದ್ದ ಇಂಡೊನೇಷ್ಯಾದ ಹುಡುಗರು ಅದರ ಜೊತೆಗೇ ಹೊರಬಿದ್ದರು. ಅತ್ತ ದಕ್ಷಿಣ ಅಮೆರಿಕದ ಅರ್ಹತಾ ಟೂರ್ನಿಯ ಮೊದಲ ಹಂತದಲ್ಲೇ ಸೋತು, ಕೋಚ್ ಮಸ್ಕೆರಾನೊ ಹುದ್ದೆ ಬಿಡಲು ಮುಂದಾಗಿದ್ದ ಅರ್ಜೆಂಟೀನಾಕ್ಕೆ ಟೂರ್ನಿ ಹೋಯಿತು. ಅದರ ಹುಡುಗರು ಆತಿಥೇಯರಾಗಿ ಒಳಗೆ ಬಂದರು. ಇಸ್ರೇಲ್ ಬ್ರೆಜಿಲ್ಲನ್ನೂ ಸೋಲಿಸಿ ಮೂರನೇ ಸ್ಥಾನ ಗಳಿಸಿತು.

ಪ್ಯಾಲೆಸ್ಟೀನ್ ಪರ ಮಾತಾಡುವುದು ತಪ್ಪೆಂದು ಇಲ್ಲಿ ಹೇಳುತ್ತಿಲ್ಲ. ಆತಿಥ್ಯ ಕೇಳಿ ಅರ್ಜಿ ಹಾಕಿದ ದಿನವೇ ಯಾವ ದೇಶವೂ ಅರ್ಹತೆ ಪಡೆದು ಬರಬಹುದು ಎಂಬುದು ಗೊತ್ತಿತ್ತು. ಆ ಮಾತನ್ನು ಆಗ ಆಡಿದ್ದರೆ ಬೆಲೆ ತೆರುವವರು ಅರ್ಜಿ ಹಾಕಿದ ದೊಡ್ಡವರೇ ಆಗಿರುತ್ತಿದ್ದರು. ಎರಡು ತಿಂಗಳ ಮುಂಚೆ ಆಡಿದ್ದರಿಂದ ಬೆಲೆ ತೆತ್ತವರು ಬೇರೆ.

ಕೆಲವೇ ತಿಂಗಳಲ್ಲಿ ಇನ್ನೊಂದು ತಿರುವು ಬಂತು. ಪೆರುವಿನಲ್ಲಿ ನಡೆಯಬೇಕಿದ್ದ 17ರೊಳಗಿನವರ ವಿಶ್ವಕಪ್‌ಗೆ ಅಲ್ಲಿನ ಸಿದ್ಧತೆ ಸಾಲದೆಂದು ಫಿಫಾ ಅದನ್ನು ಇಂಡೊನೇಷ್ಯಾಕ್ಕೆ ಕೊಟ್ಟಿತು. ಈ ಸಲ ಇಸ್ರೇಲ್ ಅರ್ಹತೆ ಪಡೆದಿರಲಿಲ್ಲ. ಆ ಟೂರ್ನಿಗೆ ಬೇಕಾದವರು 2006ರ ಜನವರಿ 1 ಅಥವಾ ಅದರ ನಂತರ ಹುಟ್ಟಿದವರು. ತಪ್ಪಿಹೋದ ಟೂರ್ನಿಯ ಗೆರೆ 2003ರ ಜನವರಿ 1. ಅದರ ಮುಂದಿನದ್ದು 2025ರಲ್ಲಿ, ಗೆರೆ 2005ರ ಜನವರಿ 1. 2003ರಲ್ಲೋ 2004ರಲ್ಲೋ ಹುಟ್ಟಿ, ಕಾಗದವೂ ಮಣಿಕಟ್ಟೂ ಸರಿಯಾಗಿಯೇ ಇದ್ದ ಹುಡುಗರು ಈ ಮೂರು ಗೆರೆಗಳ ನಡುವೆ ಎಲ್ಲಿಯೂ ಸೇರಲಿಲ್ಲ. ಅವರ ಟೂರ್ನಿಗೆಂದು ಸಜ್ಜಾಗಿದ್ದ ಆರು ಕ್ರೀಡಾಂಗಣಗಳಲ್ಲಿ ಸುರಕರ್ತದ ಮನಹಾನ್ ಒಂದು. ಡಿಸೆಂಬರ್ 2ರಂದು 17ರೊಳಗಿನವರ ಫೈನಲ್ ಅಲ್ಲಿ ನಡೆಯಿತು. ಜರ್ಮನಿ–ಫ್ರಾನ್ಸ್ 2–2, ಪೆನಾಲ್ಟಿಯಲ್ಲಿ 4–3ರಿಂದ ಜರ್ಮನಿ ಗೆದ್ದಿತು.